ಕಪ್ಪು ಚೀಲದೊಳಗಿನ ರೀಲು

ಎಲ್ಲರೂ ಕ್ಯಾಮೆರಾ ಅಮ್ಮ ಎಂದು ಕರೆಯುವ ನಾನು, ವಯಸ್ಸು ಐವತ್ತೇಳು, ವೃತ್ತಿ ಹಳೇ ರೀಲು ಕ್ಯಾಮೆರಾಗಳನ್ನು ಕೊಂಡು, ಸ್ವಚ್ಛ ಮಾಡಿ, ಪರೀಕ್ಷಿಸಿ ಮಾರುವುದು, ವಾಸ ಗಡಿಯಾರ ರಿಪೇರಿ ಅಂಗಡಿಯ ಮೇಲಿನ ಮಹಡಿ, ಈ ದಿನ ಠಾಣೆಗೆ ಹಾಜರಾಗಿ ಬರೆಸುತ್ತಿರುವುದೇನೆಂದರೆ:

ನನಗೆ ಒಬ್ಬಳೇ ಮಗಳು. ಮದುವೆಯಾಗಿ ಮೂರು ವರ್ಷ. ಮದುವೆಗೆ ಮುಂಚೆ, ಗುಜರಿಯಿಂದ ತಂದ ಒಂದು ಕ್ಯಾಮೆರಾವನ್ನು ಬಿಚ್ಚಿ, ಲೆನ್ಸಿನ ಬೂಷ್ಟು ಒರೆಸಿ, ಬ್ಯಾಟರಿ ಗೂಡಿನ ಹಸಿರು ಕಿಲುಬು ಕೆರೆದು ಅವಳಿಗೆ ಕೊಟ್ಟಿದ್ದೆ. ರೀಲು ದುಬಾರಿ, ಒಂದು ವಸ್ತುವಿಗೆ ಒಂದೇ ಕ್ಲಿಕ್ಕು, ಸುಮ್ಮಸುಮ್ಮನೆ ಒತ್ತಬೇಡ ಎಂದು ಹೇಳಿಕೊಟ್ಟವಳೂ ನಾನೇ.

ನಿನ್ನೆ ಸಂಜೆ ಮಗಳು ಬಟ್ಟೆಯ ಚೀಲ ಹಿಡಿದು ಬಂದಳು. ಸೆಖೆಯಲ್ಲೂ ಉದ್ದ ತೋಳಿನ ಅಂಗಿ ಹಾಕಿದ್ದಳು. ಅವರು ಕೈ ಮಾಡಿದ್ರು, ಒಂದೆರಡು ಸಲ ಅಷ್ಟೇ, ದೊಡ್ಡದು ಮಾಡಬೇಡಮ್ಮ ಎಂದಳು. ಇಂದು ಬೆಳಿಗ್ಗೆ ಆ ಕ್ಯಾಮೆರಾವನ್ನು ನನ್ನ ಮೇಜಿನ ಮೇಲಿಟ್ಟು, ಫೋನ್ ದಿನಾ ತೆಗೆದು ನೋಡ್ತಾರೆ, ಇದನ್ನ ಆಟದ ಸಾಮಾನು ಅಂದ್ಕೊಂಡು ಬಿಟ್ಟಿದ್ರು, ಹೊಡೆದಾಗೆಲ್ಲ ಬಚ್ಚಲಮನೆ ಕನ್ನಡೀಲಿ ಗಾಯದ ಫೋಟೋ ತೆಗೆದಿಟ್ಟಿದ್ದೀನಿ, ತೊಳೆದುಕೊಡು ಎಂದಳು. ಆಮೇಲೆ ಕೆಳಗಿನ ಗಡಿಯಾರದವರ ಹೆಂಡತಿಯ ಜೊತೆ ಡಾಕ್ಟರ ಬಳಿ ಹೋದಳು. ನಾನು ಕ್ಯಾಮೆರಾ ಕೈಗೆತ್ತಿಕೊಂಡೆ.

ಯಾವ ಹಳೇ ಕ್ಯಾಮೆರಾ ಕೈಗೆ ಬಂದರೂ ಹಿಂದಿನ ಮುಚ್ಚಳ ತೆಗೆಯುವ ಮೊದಲು ರೀಲು ಸುತ್ತುವ ಹಿಡಿಯನ್ನು ಮೆಲ್ಲಗೆ ತಿರುಗಿಸಿ ನೋಡುವುದು ನನ್ನ ಪದ್ಧತಿ. ಹಿಡಿ ಬಿಗಿಯಾದರೆ ಒಳಗೆ ರೀಲಿದೆ ಎಂದರ್ಥ. ಅದಕ್ಕೆ ಬೆಳಕು ತಾಗಿದರೆ ಮುಗಿಯಿತು. ಇಂದು ಹಿಡಿ ಬಿಗಿಯಾಗಿ, ಆಮೇಲೆ ಚಟ್ ಎಂದು ಸಡಿಲವಾಯಿತು. ರೀಲು ಒಳಗೇ ಹರಿದಿತ್ತು, ಸುತ್ತಿ ಹೊರತೆಗೆಯಲು ಆಗದು. ಇನ್ನು ಕಪ್ಪು ಚೀಲವೇ ಗತಿ. ಅದರೊಳಗೆ ಬೆಳಕು ಹೋಗದು, ಎರಡು ತೋಳುಗಳಲ್ಲಿ ಕೈ ತೂರಿಸಿ ತಡಕಾಡಿಕೊಂಡು ಕೆಲಸ ಮಾಡಬೇಕು. ಬೆಳಕು ಹೋಗದ ಖಾಲಿ ಡಬ್ಬಿಯೊಂದನ್ನು ಚೀಲಕ್ಕೆ ಹಾಕಿ, ಕ್ಯಾಮೆರಾವನ್ನು ಒಳಗಿಡುವ ಮುಂಚೆ ಅದರ ಮೇಲಿನ ಪುಟ್ಟ ಕಿಂಡಿ ಒರೆಸಿದೆ. ಎಷ್ಟು ಚಿತ್ರ ತೆಗೆದಿದೆ ಎನ್ನುವ ಅಂಕಿ ಅಲ್ಲಿ ಕಾಣುತ್ತದೆ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದೆ. ಆ ಅಂಕಿಯನ್ನು ಕೊನೆಗೆ ಬರೆಸುತ್ತೇನೆ, ಈಗ ಬಾಯಿ ಬರುತ್ತಿಲ್ಲ.

ಸುಮಾರು ಹನ್ನೊಂದು ಹತ್ತಕ್ಕೆ, ನನ್ನ ಎರಡೂ ಕೈ ಮೊಣಕೈವರೆಗೆ ಚೀಲದೊಳಗಿದ್ದಾಗ, ಅಳಿಯ ಬಂದು ಒಳಗಿನಿಂದ ಚಿಲಕ ಹಾಕಿದರು. ಏನತ್ತೆ, ಕೈ ಎಲ್ಲಿ ಬಚ್ಚಿಟ್ಕೊಂಡಿದ್ದೀರಿ, ಅಳಿಯ ಬಂದ್ರೆ ಏಳೋದೂ ಇಲ್ವಾ ಎಂದು ನಕ್ಕರು. ಮಗಳು ಇಲ್ಲ ಎಂದೆ. ಕೋಣೆ, ಬಚ್ಚಲು ಎಲ್ಲಾ ನೋಡಿ ಬಂದರು. ಆಗ ಮೇಜಿನ ಮೇಲಿದ್ದ ಕ್ಯಾಮೆರಾದ ಖಾಲಿ ಚರ್ಮದ ಚೀಲ ಅವರ ಕಣ್ಣಿಗೆ ಬಿತ್ತು. ನಗು ನಿಂತಿತು. ಓಹೋ, ಇದರಲ್ಲೂ ಚಾಡಿ ತುಂಬಿಟ್ಟಿದ್ದಾಳಾ ಎಂದರು.

ಕೈ ಎಳೆದುಕೊಂಡು ಓಡಬಹುದಿತ್ತಲ್ಲಮ್ಮ ಎಂದು ತಾವು ಕೇಳಿದಿರಿ. ಹೇಗೆ ಓಡಲಿ ಸ್ವಾಮಿ? ಕ್ಯಾಮೆರಾ ತೆರೆದಾಗಿತ್ತು, ಬಿಚ್ಚಿದ ರೀಲು ನನ್ನ ಬೆರಳಲ್ಲಿತ್ತು. ಕೈ ತೆಗೆದಿದ್ದರೆ ಅದೇ ತೋಳಿನಿಂದ ಬೆಳಕು ನುಗ್ಗಿ ಅವಳ ಸಾಕ್ಷಿಯೆಲ್ಲ ಸುಟ್ಟುಹೋಗುತ್ತಿತ್ತು. ಕೂಗೋಣವೆಂದರೆ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು. ಚೀಲಕ್ಕೆ ಒಳಗೊಂದು, ಹೊರಗೊಂದು ಜಿಪ್ಪು. ಅಳಿಯ ಹೊರಗಿನದಕ್ಕೆ ಕೈ ಹಾಕಿದರು. ನಾನು ಚೀಲದ ಮೇಲೆ ಬೋರಲು ಬಿದ್ದೆ. ಅವರು ನನ್ನ ಕತ್ತನ್ನು ಮೇಜಿಗೆ ಒತ್ತಿದರು. ಉಚ್ಚೆ ಹೋಗುವಷ್ಟು ಹೆದರಿದೆ, ಹಾಗೆಯೇ ಬರೆದುಕೊಳ್ಳಿ, ನನಗೇನೂ ನಾಚಿಕೆಯಿಲ್ಲ. ಒಳಗೆ ಬೆರಳುಗಳು ರೀಲನ್ನು ಸುರುಳಿ ಸುತ್ತಿ ಡಬ್ಬಿಗೆ ಹಾಕಿದವು. ಮುಚ್ಚಳ ಎರಡು ಸಲ ಜಾರಿ, ಮೂರನೇ ಸಲಕ್ಕೆ ಕೂತಿತು. ಅಷ್ಟರಲ್ಲಿ ಹೊರಗಿನ ಜಿಪ್ಪು ಒಂದು ಗೇಣು ತೆರೆದಿತ್ತು. ಒಳಗಿನದೂ ಸರಿದಿತ್ತೋ ಏನೋ, ಗೊತ್ತಿಲ್ಲ.

ಅಳಿಯ ಕ್ಯಾಮೆರಾವನ್ನು ಎಳೆದು ತೆಗೆದರು. ಡಬ್ಬಿ ಚೀಲದ ಮೂಲೆಯಲ್ಲಿ ನನ್ನ ಅಂಗೈಯಡಿ ಉಳಿಯಿತು. ಕ್ಯಾಮೆರಾದ ಒಳಗೆ ನೋಡಿ, ರೀಲೆಲ್ಲಿ ಎಂದರು. ಅಯ್ಯೋ ಬಿಡಿ, ಅವಳಿಗೆ ರೀಲು ಹಾಕೋಕೆಲ್ಲಿ ಬರುತ್ತೆ, ಖಾಲಿ ಡಬ್ಬ ಇಟ್ಕೊಂಡು ಕ್ಲಿಕ್ ಅನ್ನಿಸ್ತಿದ್ಲು ಎಂದು ಹೇಳಿ ನಕ್ಕೆ. ಅದು ಸುಳ್ಳು. ಆದರೆ ಅಳಿಯ ನಂಬಿದರು. ಮೂರು ವರ್ಷದಿಂದ ಅವಳನ್ನು ದಡ್ಡಿ ಎಂದೇ ನಂಬಿದ್ದವರು, ಇದನ್ನೂ ನಂಬಿದರು. ಕ್ಯಾಮೆರಾವನ್ನು ನೆಲಕ್ಕೆ ಅಪ್ಪಳಿಸಿ, ಸಂಜೆಯೊಳಗೆ ಅವಳನ್ನ ಕಳಿಸಿ, ಇಲ್ಲಾಂದ್ರೆ ನಿಮ್ಮ ಈ ಬೆರಳು ಯಾವ ಕೆಲಸಕ್ಕೂ ಬರಲ್ಲ ಎಂದು ಹೇಳಿ ಹೋದರು. ಸದ್ದು ಕೇಳಿ ಗಡಿಯಾರದವರು ಮೇಲೆ ಓಡಿ ಬಂದು, ಹೋದ ಕಣಮ್ಮ, ಇನ್ನು ಕೈ ತೆಗಿ ಎಂದರು. ಬಹಳ ಹೊತ್ತಿನವರೆಗೆ ನನಗೆ ಕೈ ತೆಗೆಯಲು ಆಗಲೇ ಇಲ್ಲ.

ರೀಲಿರುವ ಡಬ್ಬಿಯನ್ನು ಹಾಜರುಪಡಿಸಿದ್ದೇನೆ. ದಯವಿಟ್ಟು ಇಲ್ಲಿ ಯಾರೂ ಮುಚ್ಚಳ ತೆಗೆದು ಇಣುಕಬೇಡಿ. ಸಂಜೆಯಾಗುತ್ತಿದೆ, ನನಗೂ ಮಗಳಿಗೂ ಮನೆಗೆ ಹೋಗಲು ಭಯ, ರಕ್ಷಣೆ ಬೇಕು. ಬೆಳಕು ತಾಗಿದ್ದರೆ ರೀಲಿನಲ್ಲಿ ಒಂದು ಚಿತ್ರವೂ ಮೂಡದಿರಬಹುದು. ಹಿಂದಿನ ಮುಚ್ಚಳ ತೆರೆದ ಕೂಡಲೇ ಕಿಂಡಿಯ ಅಂಕಿಯೂ ತಾನಾಗಿ ಸೊನ್ನೆಗೆ ಹೋಗುತ್ತದೆ, ಹೋಗಿದೆ. ಅದನ್ನು ಕಂಡವಳು ನಾನೊಬ್ಬಳೇ, ಆದ್ದರಿಂದ ಅದು ಈ ಕಾಗದದಲ್ಲಾದರೂ ಉಳಿಯಲಿ.

ಮೂವತ್ತೊಂದು. ಒಂದೇ ಗಾಯಕ್ಕೆ ನಾಲ್ಕೈದು ಸಲ ಒತ್ತಿರಬಹುದು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆದರೆ ನನ್ನ ಮಗಳು ನಾನು ಹೇಳಿಕೊಟ್ಟದ್ದನ್ನು ಮೀರುವವಳಲ್ಲ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಘಟನೆ ನಡೆದ ದಿನವೇ
ಸಹಿ: ಹೆಬ್ಬೆಟ್ಟು ಒತ್ತಿದ್ದಾರೆ