ಯಾವ ಕೊಟ್ಟಿಗೆಯಲ್ಲಿ ಪರೀಕ್ಷಿಸಿದಿರಿ?

ಹಲೋ… ಹಲೋ, ಯಾರು ಮಾತಾಡ್ತಿರೋದು? ಮುರಳಿಮೋಹನ್ ಅವರೇನಾ? ಭಾನುವಾರದ ಪುಟದಲ್ಲಿ ಹೊಸ ಫೋನುಗಳನ್ನ ಪರೀಕ್ಷೆ ಮಾಡಿ ಬರೀತಾರಲ್ಲ, ಅವರೇ?…

ಹಾಂ, ನಮಸ್ಕಾರ ಸರ್. ನಾನು ಕದಿರೇಶ. ತಾಯಲೂರಿನ ಪಕ್ಕದ ಹಳ್ಳಿ, ಹಾಲಿನ ಡೈರಿಯಲ್ಲಿ ಕಾರ್ಯದರ್ಶಿ… ತಾಯಲೂರು ಸರ್, ಮುಳಬಾಗಿಲು ತಾಲ್ಲೂಕು… ಮಾಲೂರಲ್ಲ. ಮಾಲೂರು ನಿಮ್ಮ ಕಡೆಗೆ, ನಾವು ಆಂಧ್ರದ ಕಡೆಗೆ.

ಇಲ್ಲ ಇಲ್ಲ, ಯಾವ ಫೋನು ಕೊಳ್ಳಲಿ ಅಂತ ಕೇಳೋಕೆ ಮಾಡಿದ್ದಲ್ಲ. ಕೊಂಡಾಗಿದೆ. ಒಂದೇ ಒಂದು ಪ್ರಶ್ನೆ ಇದೆ. ಹೋದ ತಿಂಗಳು ಒಂದು ಫೋನಿನ ಬಗ್ಗೆ ಬರೆದಿರಿ. 'ತಿಂಗಳಿಡೀ ಬಳಸಿ ನೋಡಿದ್ದೇನೆ. ಹಾಲು ಕರೆದ ಒದ್ದೆ ಕೈಯಲ್ಲಿ ಬೆರಳಿಟ್ಟರೂ ತೆರೆದುಕೊಳ್ಳುತ್ತದೆ.' ಪೇಪರು ನನ್ನ ಮುಂದೇ ಇದೆ. ಯಾವ ಕೊಟ್ಟಿಗೆಯಲ್ಲಿ ಸರ್ ನೀವು ಪರೀಕ್ಷಿಸಿದ್ದು?…

ಅಲ್ಲ, ಬ್ಯಾಟರಿ ವಿಷಯ ಕೇಳ್ತಿಲ್ಲ ನಾನು. ಕ್ಯಾಮೆರಾನೂ ಬೇಡ. ಕೊಟ್ಟಿಗೆ. ಯಾರ ಕೊಟ್ಟಿಗೆ?…

ಹೇಳ್ತೀನಿ ಯಾಕೆ ಅಂತ. ನಮ್ಮಲ್ಲಿ ಭಾನುವಾರ ಬೆಳಿಗ್ಗೆ ಹಾಲು ಅಳೆದ ಮೇಲೆ ಹೆಂಗಸರು ಕ್ಯಾನು ತೊಳೆದುಕೊಂಡು ಕೂತ್ಕೋತಾರೆ, ನಾನು ನಿಮ್ಮ ಅಂಕಣ ಗಟ್ಟಿಯಾಗಿ ಓದ್ತೀನಿ. ಆರು ವರ್ಷದಿಂದ ಓದ್ತಿದ್ದೀನಿ. ಓದ್ತಾ ಓದ್ತಾ ತೆಲುಗಲ್ಲೂ ಹೇಳ್ತೀನಿ, ಅರ್ಧ ಊರಿಗೆ ಅದೇ ಸಲೀಸು. ನಮ್ಮ ಹೆಂಗಸರು ಕೈಗೆ ಹರಳೆಣ್ಣೆ ಸವರಿಕೊಂಡು ಹಾಲು ಕರೀತಾರೆ. ಆ ಕೈಯನ್ನ ಇದುವರೆಗೂ ಯಾವ ಫೋನಿನವನೂ ಲೆಕ್ಕಕ್ಕೆ ಇಟ್ಟವನಲ್ಲ. ನೀವು ಇಟ್ಟಿದ್ದೀರಿ ಅಂದ್ಕೊಂಡ್ವಿ. ಒಂಬತ್ತು ಜನ ಅದೇ ಫೋನು ತಗೊಂಡ್ರು…

ಹೂಂ, ಒಂಬತ್ತು. ಬೆರಳೊಂದಿದ್ರೆ ಸಾಕು ಅಂತ ಅವರಿಗೆಲ್ಲ ಹೇಳಿಕೊಟ್ಟೋನು ನಾನೇ.

ತೆರೀಲಿಲ್ಲ ಸರ್. ಒಣ ಕೈಗೆ ತೆರೆಯುತ್ತೆ. ಒದ್ದೆ ಕೈಗೆ ಇಲ್ಲ, ಎಣ್ಣೆ ಕೈಗಂತೂ ಇಲ್ಲವೇ ಇಲ್ಲ. ಗಾಜಿನ ಕೆಳಗೆ ಇದೆಯಲ್ಲ ಬೆರಳಿಡೋ ಜಾಗ, ಅದು ನೆಂದರೆ ಕುರುಡು…

ಒರೆಸಿಕೊಳ್ಳಬಹುದಿತ್ತಾ? ಕೇಳಿ. ದೊಡ್ಡಗಂಗಮ್ಮ ಅಂತ, ಆ ಒಂಬತ್ತರಲ್ಲಿ ಒಬ್ಬರು, ವಯಸ್ಸಾದೋರು. ತೋಟದ ಕೊಟ್ಟಿಗೆಯಲ್ಲಿ ಒಬ್ಬರೇ. ಕಡಸು ಮೊದಲನೇ ಸಲ ಕರು ಹಾಕ್ತಿತ್ತು, ಕರು ಅಡ್ಡ ತಿರುಗಿತ್ತು. ಮೊಣಕೈವರೆಗೂ ಲೋಳೆ. ಡಾಕ್ಟರಿಗೆ ಫೋನು ಮಾಡೋಕೆ ಬೆರಳಿಟ್ರು, ಆಗಲಿಲ್ಲ. ಸೆರಗಲ್ಲಿ ಒರೆಸಿಕೊಂಡು ಇಟ್ರು. ಸೆರಗೂ ಅದೇ ಸ್ಥಿತಿ. ಐದು ಸಲ ಆದ ಮೇಲೆ ಅದು ಬೀಗದ ನಂಬರು ಹಾಕು ಅಂತು. ನಂಬರು ಹಾಕಿಕೊಟ್ಟಿದ್ದು ನಾನು, ಆಕೆಗೆ ನೆನಪಿರಲಿಲ್ಲ. ಅದು ನನ್ನ ತಪ್ಪು, ಒಪ್ಕೋತೀನಿ. ಊರಿಗೆ ನಡ್ಕೊಂಡು ಬಂದು ಡಾಕ್ಟರನ್ನ ಕರ್ಕೊಂಡು ಹೋಗೋ ಹೊತ್ತಿಗೆ ಕರು ಹೋಗಿತ್ತು…

ಹಸು ಉಳಿದಿದೆ. ಪಾಪ ಅನ್ನೋದು ಆಮೇಲೆ ಇರಲಿ ಸರ್. ಮೊದಲು ಕೊಟ್ಟಿಗೆ ಹೇಳಿ.

ಏನಂದ್ರಿ?… ಕಂಪನಿಯವರು ಫೋನು ಕೊಟ್ಟಿದ್ದೇ ನಾಲ್ಕು ದಿನಕ್ಕಾ? ಪುಟ ಕಟ್ಟೋ ಅವಸರ… ಆಯ್ತು, ಅವಸರ ಎಲ್ಲರಿಗೂ ಇರುತ್ತೆ. ಹಾಲೂ ಕಾಯಲ್ಲ, ಒಡೆದುಹೋಗುತ್ತೆ. ಹಾಗಂತ ನಾನು ಅಳೆಯದೆ ಚೀಟಿ ಬರೀತೀನಾ? ಮೂಗಿಗೆ ಹಿಡಿದು, ಅಳೆದು, ಜಿಡ್ಡು ನೋಡಿ, ಆಮೇಲೇ ಬರೆಯೋದು. ನಿಮಗೆ ನಾಲ್ಕು ದಿನ ಸಿಕ್ಕಿತ್ತಲ್ವಾ? ಒಂದು ಲೋಟ ನೀರಲ್ಲಿ ಬೆರಳು ಅದ್ದೋಕೆ ಎಷ್ಟು ಹೊತ್ತು ಬೇಕು?…

ಮತ್ತೆ ಆ ಹಾಲು ಕರೆದ ಕೈ ಎಲ್ಲಿಂದ ಬಂತು?… ಓದುಗರ ಕಾಗದ? ಯಾವ ಓದುಗರು?… ಇಮೇಲಾ? ಎಲ್ಲಿಂದ ಬಂದಿತ್ತು?… ಕ್ಯಾಲನೂರು ಅಲ್ಲ ಸರ್. ತಾಯಲೂರು. ಹುಡುಕಿ ನೋಡಿ, ಕೆಳಗೆ ಹೆಸರು ಇರುತ್ತೆ… ಹಾಂ. ಓದಿ… ಇನ್ನೊಂದು ಸಲ ಓದಿ.

ಅದು ನಾನೇ.

…ಹೋದ ವರ್ಷ ಬರೆದಿದ್ದು. ನನ್ನ ಹಳೇ ಫೋನಿನ ಬಗ್ಗೆ. ಅದೇ ಕಂಪನಿಯದು, ಆದರೆ ಅದರಲ್ಲಿ ಬೆರಳಿಡೋ ಗುಂಡಿ ಬೆನ್ನಿಗಿತ್ತು, ನೆಂದರೂ ಕೆಲಸ ಮಾಡ್ತಿತ್ತು. ನೀವು ಅಚ್ಚು ಹಾಕಲಿಲ್ಲ, ಉತ್ತರಾನೂ ಬರೀಲಿಲ್ಲ. ಕಸಕ್ಕೆ ಹೋಯ್ತು ಅಂದ್ಕೊಂಡು ಸುಮ್ಮನಿದ್ದೆ.

ನನ್ನ ಮಾತನ್ನ ಎತ್ತಿ ಬೇರೆ ಫೋನಿಗೆ ಅಂಟಿಸಿ, 'ನೋಡಿದ್ದೇನೆ' ಅಂತ ಬರೆದುಬಿಟ್ರಾ?…

ನಿಮಗೆ ಅದು ಒಂದು ವಾಕ್ಯ. ಆ ಭಾನುವಾರ ಅದನ್ನ ಓದಿದಾಗ ನನಗೆ ಎಷ್ಟು ಸಂತೋಷ ಆಯ್ತು ಗೊತ್ತಾ? ನಾನು ಕಂಡದ್ದನ್ನೇ ಇವರೂ ಕಂಡಿದ್ದಾರೆ, ಈಗ ಎರಡು ಸಾಕ್ಷಿ ಆಯ್ತು ಅಂದ್ಕೊಂಡು ಊರಿಗೆಲ್ಲ ಹೇಳಿದೆ. ಇದ್ದಿದ್ದು ಒಂದೇ ಸಾಕ್ಷಿ. ಅದೂ ನಂದೇ. ಅದೂ ಬೇರೆ ಫೋನಿಂದು.

ಇಲ್ಲ, ಬೇಡ… ಯಾಕೆ ಬೇಡ ಅಂದ್ರೆ? ನನ್ನ ಕಾಗದ ಓದುಗರ ಮೂಲೆಯಲ್ಲಿ ಹಾಕಿದ್ರೆ ನನ್ನ ಹೆಸರು ಬರುತ್ತೆ, ನಿಮ್ಮ ತಪ್ಪು ಬರಲ್ಲ. ಅದೇ ಅಂಕಣ, ಅದೇ ಜಾಗ, ನಿಮ್ಮ ಫೋಟೊ ಕೆಳಗೇ ಬರಬೇಕು. 'ನಾನು ನೋಡದೆ ಬರೆದೆ.' ಅಷ್ಟೇ ಸಾಕು…

ಸಂಪಾದಕರು ಒಪ್ಪಲ್ವಾ? ನೋಡದೆ ಬರೆಯೋವಾಗ ಅವರ ಒಪ್ಪಿಗೆ ಕೇಳಿದ್ರಾ?…

ನನಗೆ ಹೊಸ ಫೋನು ಕಳಿಸ್ತೀರಾ? ನಾನು ಅದಕ್ಕೆ ಫೋನು ಮಾಡಿದ್ದಲ್ಲ ಸ್ವಾಮಿ. ಇನ್ನೂ ಎಂಟು ಹೆಂಗಸರು ಅದನ್ನೇ ನಂಬಿಕೊಂಡು ಕೊಟ್ಟಿಗೆಗೆ ಹೋಗ್ತಿದ್ದಾರೆ. ನಾನು ಬೇಡ ಅಂದ್ರೆ, 'ಪೇಪರಲ್ಲೇ ಇದೆಯಲ್ಲ, ನೀನೇ ಓದಿದ್ಯಲ್ಲ' ಅಂತಾರೆ. ನಾನು ಓದಿದ್ದನ್ನ ಈಗ ನಾನು ಅಳಿಸೋಕಾಗಲ್ಲ. ನೀವು ಬರೆದ್ರೆ ಅಳಿಯುತ್ತೆ.

ದೊಡ್ಡಗಂಗಮ್ಮ ನನಗೆ ಬೈಯಲಿಲ್ಲ ಸರ್. ಬೈದಿದ್ರೆ ಚೆನ್ನಾಗಿತ್ತು. 'ಪೇಪರ್‌ಲೋ ಕೂಡಾ ಅಬದ್ಧಂ ರಾಸ್ತಾರಾ ನಾಯನಾ?' ಅಂತ ಕೇಳಿದ್ರು, ಪೇಪರಲ್ಲೂ ಸುಳ್ಳು ಬರೀತಾರಾ ಅಂತ. ನಾನು, 'ಇಲ್ಲವ್ವಾ, ಅವರು ನೋಡಿಯೇ ಬರೆದಿರ್ತಾರೆ, ನಮ್ಮ ಫೋನೇ ಕೆಟ್ಟಿರಬೇಕು' ಅಂದೆ. ನಿಮ್ಮ ಪರ ಮಾತಾಡಿದೆ ನಾನು! ಗೊತ್ತಾಯ್ತಾ?…

ಇಲ್ಲೇ ಇದ್ದಾರೆ, ಹಾಲು ಹಾಕೋಕೆ ಬಂದಿದ್ದಾರೆ. ಅಚ್ಚು ಹಾಕೋದು ನಿಮ್ಮ ಸಂಪಾದಕರ ಕೈಲಿದೆ ಅಂತೀರಿ. ಬಾಯಿ ನಿಮ್ಮದೇ ಅಲ್ವಾ? ಆಕೆಗೆ ಒಂದು ಮಾತು ಹೇಳಿ. ಕನ್ನಡದಲ್ಲೇ ಹೇಳಿ, ತಿಳಿಯುತ್ತೆ… ಮೀಟಿಂಗ್ ಆಮೇಲೆ ಇರಲಿ ಸರ್, ಒಂದೇ ನಿಮಿಷ. ಕೊಡ್ತಾ ಇದ್ದೀನಿ…

ಅವ್ವಾ, ರಾ, ಇಲ್ಲಿ ಬಾ. ಪೇಪರಿನೋರು. ನಿನ್ನ ಹತ್ತಿರ ಮಾತಾಡ್ತಾರಂತೆ. ಕಿವಿಗಿಟ್ಕೋ… ಹಂಗಲ್ಲ, ತಿರುಗಿಸಿ ಇಟ್ಕೋ…

ಏಮಂಟಾಡವ್ವಾ? ಏನಂತಾರೆ?…

ಏನೂ ಅಂತಿಲ್ವಾ?… ಇರು, ಇರು, ಹೇಳ್ತಾರೆ…

ಕೊಡಿಲ್ಲಿ. ಹಲೋ… ಸರ್?… ಆಕೆಗೆ ಹೇಳಿದ್ರಾ?… ಹಲೋ…