ಜಾಗ ಇಲ್ಲಾ ಅನ್ನೂ ಸಂಜಿ

ಹಂಗಲ್ಲ, ಈ ಕಡೆ ಸರೀರಿ, ದನಿ ಎತ್ತಬ್ಯಾಡ್ರಿ. ಬಾಜು ಮನಿ ನತಾಲಿನ್‌ಬಾಯಿ ಮೊಮ್ಮಗಳು ಈ ಸಲ ಚರ್ಚಿನ ನಾಟಕದಾಗ ದೇವದೂತಿ ಆಗ್ಯಾಳಲ್ಲ, ಆ ಕೂಸಿನ ಕಿವಿಗೆ ಇದು ಹೋಗಬಾರದು. ನನ್ನ ಮ್ಯಾಲೆ ಆಣಿ. ನಾನೂ ಯಾರಿಗೂ ಹೇಳಿಲ್ಲ. ಹಾಲಿನಾಕಿಗೊಬ್ಬಾಕಿಗೆ ಹೇಳೀನಿ, ಆದ್ರ ಅಕೀಗೆ ಕಿವಿ ಸರಿ ಕೇಳೂದಿಲ್ಲ.

ನಮ್ಮ ಕ್ಯಾಂಪಿನ ಓಣ್ಯಾಗ ಕ್ರಿಸ್‌ಮಸ್ ನಾಟಕ ಹೆಂಗಂತ ನಿಮಗ ಗೊತ್ತೈತಿ. ಮರಿಯಾ ಆದ ಹುಡುಗಿ ಹೊಟ್ಟಿಗೆ ದಿಂಬು ಕಟ್ಕೊಂಡು, ಜೋಸೆಫನ ಜೋಡಿ ಸಂಜೀಮುಂದ ಮನಿಮನಿ ಬಾಗಲಾ ಬಡೀತಾಳ, 'ಜಾಗ ಐತೇನ್ರಿ?' ಅಂತ. ನಾವು ಬಾಗಲಾ ತೆಗೀದನ ಒಳಗಿಂದ ಬೈದು ಕಳಸಬೇಕು. ಕಡೀಕೆ ಅವರು ಚರ್ಚಿನ ಅಂಗಳದಾಗಿನ ಗ್ವಾದಲಿಗೆ ಹೋಗಿ ಮುಟ್ಟಬೇಕು. ಯಾರು ಚೊಲೋ ಬೈತಾರ ಅವರಿಗೆ ಓಣಿ ಎಲ್ಲಾ ಚಪ್ಪಾಳಿ. ನಾವು ಯಲ್ಲಮ್ಮನ ಒಕ್ಕಲು ಖರೇ, ಆದ್ರ ನಮ್ಮತ್ತಿ ನನಗ ಹೋಳಿಗಿ ಕಲಿಸೂಕಿಂತ ಮೊದಲ ಈ ಬೈಗಳಾ ಕಲಿಸಿದ್ಳು.

ಕೊರೊನಾ ಮುಗಿದ ಮರುವರ್ಷ ಅದು. ಏನ್ ವರ್ಷರೀ! ನಮ್ಮ ಯಜಮಾನ್ರ ಆಟೋ ಮಾರಿ ತಿಂದಿದ್ವಿ, ಇಲ್ಲ, ಮಾರಿದ್ದು ಆಮ್ಯಾಲೆ, ಆಗ ಬರೇ ನಿಂತಿತ್ತು. ಚಾಕ್ಕ ಬೆಲ್ಲ ಇರಲಿಲ್ಲ. ಬೈಯಾಕೇನು ಖರ್ಚಿಲ್ಲಲ್ಲ ಅಂತ ನಾ ಕಿಡಕ್ಯಾಗ ಕುಂತೆ. ನತಾಲಿನ್‌ಬಾಯಿ ಮಗಳು ರೀಟಾ, ಗೊತ್ತಲ್ಲ, ಖಾನಾಪುರದ ಮರಾಠಾ ಹುಡುಗನ ಜೋಡಿ ಓಡಿಹೋಗಿ ಲಗ್ನ ಆಗಿದ್ಳು. 'ಅಕೀ ನನ್ನ ಪಾಲಿಗೆ ಸತ್ಲು' ಅಂತ ಈ ತಾಯಿ ಚರ್ಚಿನ ಮೆಟ್ಲ ಮ್ಯಾಲೆ ನಿಂತು ಅಂದಿದ್ಳು, ಎಲ್ಲಾರ ಮುಂದ, ನಾ ಅಲ್ಲೇ ಇದ್ದೆ.

ಹೊತ್ತು ಮುಳಗತಿತ್ತು, ಮನಿಮನಿ ಮುಂದ ನಕ್ಷತ್ರದ ದೀಪ ಹಚ್ಚಿದ್ರು. ತಲಿತುಂಬ ಸೆರಗ ಹೊದ್ದ, ಹೊಟ್ಟಿ ಉಬ್ಬಿದಾಕಿ ಒಬ್ಬಾಕಿ, ಬಾಜೂಕ ಚೀಲಾ ಹಿಡದ ಹುಡುಗ, ಬಂದು ನತಾಲಿನ್‌ಬಾಯಿ ಬಾಗಲಾ ಬಡದ್ರು. 'ಒಳಗ ಕರ್ಕೊತೀರೇನ್ರಿ?' ಅಂದ ಹುಡುಗ. ಒಳಗಿಂದ ಅಕೀ ಶುರು ಮಾಡಿದ್ಳು ನೋಡ್ರಿ: 'ಹೊಟ್ಟಿ ಮುಂದ ಮಾಡ್ಕೊಂಡು ಬಂದ್ರ ಬಾಗಲಾ ತೆಗೀಲೇನ? ಯಾರ ಮಾನಾ ಕಳದು ಬಂದೀಯವ್ವಾ? ಇಲ್ಲಿ ನಿನಗ ಜಾಗ ಇಲ್ಲ, ದನದ ಜೋಡಿ ಹೋಗಿ ಮಲ್ಕೋ!' ಅಯ್ಯ, ಓಣಿಗೆ ಓಣಿನ ಶಿಳ್ಳಿ, ಚಪ್ಪಾಳಿ. ನಾನೂ ಹೊಡದೆ. ಅಷ್ಟರಾಗ ತಿರುವಿನ್ಯಾಗ ಡೋಲಿನ ಸಪ್ಪಳಾ, ಕಂಬಳಿ ಹೊದ್ದ ಕುರುಬರು, ಕುರಿಮರಿ, ಅವರ ಮುಂದ ದಿಂಬಿನ ಮರಿಯಾ. ಹಂಗಾದ್ರ ಇಲ್ಲಿ ನಿಂತಾಕಿ ಯಾರು? ಚಪ್ಪಾಳಿ ಒಂದೊಂದ ನಿಂತ್ವು. ರೀಟಾ ಬಾಗಲಕ್ಕ ಹಣಿ ಹಚ್ಚಿ ಅಂದ್ಳು, 'ಅವ್ವಾ, ಇದು ನಾಟಕ ಅಲ್ಲ.'

ಆ ಸಂಜಿ ಬಾಗಲಾ ತೆಗಿಯೂ ಪದ್ಧತಿನ ಇಲ್ಲ, ನಮ್ಮತ್ತಿ ಕಾಲದಿಂದ ಯಾರೂ ತೆಗದಿಲ್ಲ. ಅಗಳಿ ಸರದದ್ದು ಇಡೀ ಓಣಿಗೆ ಕೇಳ್ತು. ನತಾಲಿನ್‌ಬಾಯಿ ಹಿಟ್ಟಿನ ಕೈಲೇ ಬಂದು ನಿಂತ್ಳು. ಮಗಳ ಮಾರಿ ನೋಡಲಿಲ್ಲ, ಹೊಟ್ಟಿ ಮ್ಯಾಲೆ ಕೈ ಇಟ್ಳು, ಹುಡುಗನ ಕೈಯಾಗಿನ ಚೀಲಾ ಇಸ್ಕೊಂಡ್ಳು. 'ಚೌಕಟ್ಟು ಗಿಡ್ಡೈತಿ, ತಲಿ ಬಗ್ಗಿಸಿ ಬಾರಪಾ.' ನಾಟಕದ ಮರಿಯಾಗ, ಪಾಪ, ಎಲ್ಲಿ ಹೋಗಬೇಕು ತಿಳೀವಲ್ದು, ದಿಂಬು ಜಾರಿ ಮೊಣಕಾಲಿಗೆ ಬಂದಿತ್ತು. 'ನೀವೂ ಬರ್ರಿ' ಅಂದ್ಳು ನತಾಲಿನ್‌ಬಾಯಿ. ಕುರುಬರು, ಕುರಿಮರಿ, ಮೂರು ರಾಜರು, ಎಲ್ಲಾರೂ ಹೊಕ್ಕರು. ಫಾದರ್ ಗ್ವಾದಲಿ ಮುಂದ ಕಾದು ಕಾದು, ಕಡೀಕೆ ತಾನೂ ಬಂದು, ಚಪ್ಪಲಿ ಬಿಟ್ಟು, ಹೊಸ್ತಿಲ ಹೊರಗ ಕೈ ಮುಗದು ನಿಂತ. ನಾನೂ ಮುಗದೆ. ಯಾರಿಗಂತ ಕೇಳಬ್ಯಾಡ್ರಿ.

ಮರುದಿನ ಮುಂಜಾನೆ ಸಕ್ಕರಿ ನೆವಾ ಮಾಡಿ ಹೋದೆ. 'ಎಷ್ಟು ತಿಂಗಳಾತು? ಅತ್ತಿ ಮನ್ಯಾಗ ಹೊರಗ ಹಾಕಿದ್ರೇನ?' ಅಂದೆ. ನತಾಲಿನ್‌ಬಾಯಿ ವಾಟಿ ತುಂಬ ಸಕ್ಕರಿ ಹಾಕಿ ನನ್ನ ಕೈಯಾಗಿಟ್ಟು, ಮಾರಿ ಮ್ಯಾಲೆ ಹೇಳಿದ್ಳು, 'ಊರಿಗೆಲ್ಲಾ ಹೇಳ್ತಿ, ಹೇಳ ಶಾಂತಕ್ಕಾ. ಆದ್ರ ನಾ ಬೈದದ್ದು ಹೇಳಿ ನಿಲ್ಲಸಬ್ಯಾಡ, ಬಾಗಲಾ ತೆಗದದ್ದೂ ಹೇಳು.'