ಹೇಳದೆ ದಾಟಿದ ಸೇತುವೆ

ಕೊನೆಯ ಬಸ್ಸು ಹೋಗಿ ಒಂದು ಗಂಟೆಯಾಗಿತ್ತು. ಲುವಾ ಹಳೆಯ ಬಾವಿಯೊಂದರ ಪಕ್ಕದ ದಾರಿ ಹಿಡಿದು ರೈಲ್ವೆ ಸ್ಟೇಷನ್ನಿಗೆ ನಡೆಯುತ್ತಿದ್ದಳು... ಒಬ್ಬಳೇ. ಎದೆಗೆ ಅವಚಿಕೊಂಡ ಬಿಳಿ ಬಟ್ಟೆಯ ಗಂಟಿನಲ್ಲಿ ತಮ್ಮ ಖಾಂಗ್‌ನ ಬೂದಿ.

ಲುವಾ ಅಂದರೆ ನಮ್ಮ ಹೊಲಿಗೆ ಕಾರ್ಖಾನೆಯ ಹಾಸ್ಟೆಲಿನಲ್ಲಿ ನನ್ನ ಮೇಲಿನ ಮಂಚದಲ್ಲಿ ಮಲಗುವವಳು. ಇಬ್ಬರೂ ವಿಯೆಟ್ನಾಮಿನವರು. ನಾನು ಜಪಾನಿಗೆ ಬಂದು ಆರು ವರ್ಷ, ಅವಳು ಬಂದು ಆರು ತಿಂಗಳು. ಅವಳಿಗೆ ಇಲ್ಲಿಯ ಮಾತು ಒಂದಕ್ಷರ ಬಾರದು. ದೂರದ ಒಂದು ಬೆಟ್ಟದೂರಿನ ಎಲೆಕೋಸಿನ ಹೊಲದಲ್ಲಿ ದುಡಿಯುತ್ತಿದ್ದ ಖಾಂಗ್ ಒಂದು ರಾತ್ರಿ ಮಲಗಿದವನು ಬೆಳಗ್ಗೆ ಏಳಲಿಲ್ಲ. ದೇವಸ್ಥಾನದಲ್ಲಿ ಕಾದಿಟ್ಟಿದ್ದ ಬೂದಿಯನ್ನು ತರಲು, ಹಿರಿಯರ ಹಬ್ಬದ ರಜೆಯಲ್ಲಿ ಹೋಗಿದ್ದಳು. ಎರಡು ದಿನದಲ್ಲಿ ವಿಯೆಟ್ನಾಮಿಗೆ ಹೊರಡುವ ಸುಂಗ್ ಅತ್ತೆಯ ಕೈಯಲ್ಲಿ ಅದನ್ನು ಅಮ್ಮನಿಗೆ ಕಳಿಸಬೇಕು.

ಬೂದಿಯೊಂದೇ ಅಲ್ಲ. ಅವನನ್ನೂ ಕಳಿಸಬೇಕು. ಪರದೇಶದಲ್ಲಿ ಸತ್ತವನನ್ನು ನಮ್ಮ ಕಡೆ ಹೆಸರು ಹಿಡಿದು ಕರೆದು ತರುತ್ತೇವೆ. ತಿರುವು ಬಂದರೆ ಹೇಳಬೇಕು, ಸೇತುವೆ ಬಂದರೆ ಹೇಳಲೇಬೇಕು. ಹೇಳದಿದ್ದರೆ ಸತ್ತವರು ನೀರು ದಾಟುವುದಿಲ್ಲ. "ನನ್ನ ಮಗ ದಾರಿ ತಪ್ಪಬಾರದು ಕಣೇ" ಎಂದು ಅಮ್ಮ ಫೋನಿನಲ್ಲಿ ಮೂರು ಸಲ ಹೇಳಿದ್ದಳು.

"ಖಾಂಗ್, ಎಡಕ್ಕೆ ತಿರುಗ್ತಿದೀನಿ, ಬಾ... ಖಾಂಗ್, ಸೇತುವೆ ಬಂತು, ದಾಟು..." ಪಿಸುಗುಟ್ಟುತ್ತಾ ಎರಡು ಸೇತುವೆ ದಾಟಿದಳು. ಕಾಲು ಬಾತುಕೊಂಡಿತ್ತು. ಕಣ್ಣು ಎಳೆಯುತ್ತಿತ್ತು. "ಬದುಕಿದ್ದಾಗಲೂ ನನ್ನ ಬೆನ್ನ ಮೇಲೇ ಕೂರ್ತಿದ್ದೆ, ಸೋಮಾರಿ. ಈಗಲಾದ್ರೂ ನಡಿ."

ಆಗ ಕೇಳಿಸಿತು.

ಚಪ್... ಚಪ್... ಚಪ್.

ಒದ್ದೆ ರಬ್ಬರ್ ಚಪ್ಪಲಿಯ ಸದ್ದು. ಹತ್ತು ಹೆಜ್ಜೆ ಹಿಂದೆ. ಅವಳು ನಿಂತರೆ ಅದೂ ನಿಲ್ಲುತ್ತಿತ್ತು. ಗದ್ದೆಯ ಕಪ್ಪೆಗಳ ವಟವಟ ಇದ್ದಕ್ಕಿದ್ದಂತೆ ನಿಂತಿತು... ಕರೆದವಳೂ ಅವಳೇ, ಹೆದರಿದವಳೂ ಅವಳೇ. ಕರೆಯುವುದನ್ನು ನಿಲ್ಲಿಸಿಬಿಟ್ಟಳು. ಗಂಟನ್ನು ಬಿಗಿಹಿಡಿದು ಬಿರಬಿರನೆ ನಡೆದಳು. ರಸ್ತೆಯ ಅಂಚಿನಲ್ಲಿ ಏನೋ ಬರೆದ ಸಣ್ಣ ಫಲಕ ಕಂಡಿತು. ಓದಲು ಬಾರದು. ದಾಟಿ ಹೋದಳು.

ಅಲ್ಲಿಂದಾಚೆ ಹಿಂದೆ ಸದ್ದೇ ಇಲ್ಲ.

ಅಬ್ಬಾ ಎನಿಸಿತಂತೆ ಅವಳಿಗೆ. ಜೀವ ಬಂದ ಹಾಗಾಯಿತಂತೆ.

ಸ್ವಲ್ಪ ಮುಂದೆ ಒಂದು ಮನೆಯ ಗೇಟಿನಲ್ಲಿ ಅಜ್ಜಿಯೊಬ್ಬಳು ಕೂತಿದ್ದಳು. ಮನೆಯ ಹಿರಿಯರಿಗೆ ದಾರಿ ಕಾಣಲೆಂದು ಸೆಣಬಿನ ಕಡ್ಡಿಯ ಸಣ್ಣ ಬೆಂಕಿ ಹಾಕಿದ್ದಳು, ಚಿಟಚಿಟ ಉರಿಯುತ್ತಿತ್ತು. ಬಿಳಿ ಗಂಟನ್ನು ನೋಡಿ ಎದ್ದು ಕೈ ಮುಗಿದಳು. ಲುವಾಳಿಗೆ ತಣ್ಣನೆಯ ಚಹಾ ಕೊಟ್ಟಳು. ಆಮೇಲೆ ಬಂದ ದಾರಿಯತ್ತ ನೋಡಿದಳು... ಬಹಳ ಹೊತ್ತು. ಲುವಾಳ ತೋಳು ಹಿಡಿದು ಹಿಂದಕ್ಕೆ ಕೈ ತೋರಿಸಿ ಏನೋ ಪಿಸುಗುಟ್ಟಿದಳು. ಅದೇ ಮಾತು, ಮತ್ತೆ ಮತ್ತೆ. ಸ್ಟೇಷನ್ನು ಆ ಕಡೆ ಅನ್ನುತ್ತಿರಬೇಕು, ಮುದುಕಿಗೆ ಮರೆವು ಎಂದುಕೊಂಡು ಲುವಾ ತಲೆಬಾಗಿ ವಂದಿಸಿ ಮುಂದೆ ನಡೆದಳು. ಬೆಳಗಿನ ಮೊದಲ ರೈಲಿಗೆ ಕಾರ್ಖಾನೆ ಸೇರಿದಳು. ಗಂಟು ಸುಂಗ್ ಅತ್ತೆಯ ಜೊತೆ ವಿಮಾನ ಹತ್ತಿತು.

ಅದಾಗಿ ಎರಡು ದಿನಕ್ಕೆ ಅಮ್ಮನ ಫೋನು. "ಗಂಟು ಬಂತು. ಆದ್ರೆ ಅವನು ಬಂದಿಲ್ಲ ಕಣೇ. ಹೆತ್ತೋಳಿಗೆ ಗೊತ್ತಾಗಲ್ವಾ? ದಾರೀಲಿ ಏನ್ ಮಾಡ್ದೆ?"

ಆ ರಾತ್ರಿ ದೀಪ ಆರಿಸಿದ ಮೇಲೆ ಲುವಾ ನನಗೆ ಎಲ್ಲ ಹೇಳಿದಳು. ಅಷ್ಟು ಸಲ ಕೇಳಿ ಅಜ್ಜಿಯ ಮಾತು ಬಾಯಿಗೆ ಬಂದಿತ್ತು, ಅದನ್ನೂ ಹೇಳಿದಳು. "ಏನು ಹಂಗಂದ್ರೆ?"

ನಾನು ಎದ್ದು ಕೂತೆ. "ಹುಡುಗ ಇನ್ನೂ ಸೇತುವೆ ಹತ್ರ ನಿಂತಿದಾನೆ... ಅಂತ."

"ಅಲ್ಲಿ ಸೇತುವೆ ಇರ್ಲಿಲ್ಲ!"

ಇತ್ತು. ಭಾನುವಾರ ಇಬ್ಬರೂ ಹೋಗಿ ನೋಡಿದೆವು. ಕಟ್ಟೆಯಿಲ್ಲ, ಏರಿಳಿತವಿಲ್ಲ, ರಸ್ತೆಯ ಹಾಗೇ ಚಪ್ಪಟೆ. ಕೆಳಗೆ ನೀರು ಗುಳುಗುಳು ಅನ್ನುತ್ತಿತ್ತು. ಫಲಕದಲ್ಲಿ ಸೇತುವೆಯ ಹೆಸರು ಬರೆದಿತ್ತು.

ಲುವಾ ಅಲ್ಲಿ ನಿಂತು ಗಂಟಲು ಬೀಳುವವರೆಗೆ ಕರೆದಳು. ಏನೂ ಕೇಳಿಸಲಿಲ್ಲ. ಅಜ್ಜಿ ನಿಧಾನವಾಗಿ ನಡೆದು ಬಂದಳು.

"ಆ ಹುಡುಗನಾ? ನಾಲ್ಕು ದಿನ ಇಲ್ಲೇ ನಿಂತಿದ್ದ, ಪಾಪ. ನನ್ನ ನೋಡಿ ಏನೋ ಕೇಳ್ದ. ದಾರಿ ಕೇಳ್ದ ಅಂತ ಕಾಣತ್ತೆ."

"ನೀವೇನಂದ್ರಿ?"

"ಏನ್ ಹೇಳ್ಲಿ ತಾಯಿ? ಅವನ ಮಾತು ನಂಗೆ ಬರಲ್ವಲ್ಲ. ಆಮೇಲೆ ಕಾಡಿನ ಕಡೆ ಹೋದ. ಸಂಜೆ ಹೊತ್ತು ಒಂದೊಂದ್ಸಲ ಬಂದು ನಿಂತ್ಕೋತಾನೆ."

ನಾನು ಇದನ್ನು ಲುವಾಳಿಗೆ ತಿಳಿಸಿದಾಗ ಅವಳು ರಸ್ತೆಯಲ್ಲೇ ಕೂತುಬಿಟ್ಟಳು. ಬೆಳಗ್ಗೆ ಏಳಕ್ಕೆ ನಮ್ಮಿಬ್ಬರಿಗೂ ಪಾಳಿ, ಬಸ್ಸಿಗೆ ಕಾಲು ಗಂಟೆ ಇತ್ತು.

ಅಜ್ಜಿ ನನ್ನ ಕಿವಿಯ ಹತ್ತಿರ ಬಾಗಿದಳು. "ಅವಳು ಕೂಗ್ತಿದ್ಲಲ್ಲ... ಅದನ್ನ ನಂಗೂ ಹೇಳಿಕೊಡು. ನಾನು ಎಲ್ಲಿಗೂ ಹೋಗೋಳಲ್ಲ."

ಹೇಳಿಕೊಟ್ಟೆ. ಎಂಬತ್ತು ದಾಟಿದ ನಾಲಿಗೆ, ಹೊರಳಲಿಲ್ಲ. ಹತ್ತು ಸಲ ತಪ್ಪಿದಳು. ಹನ್ನೊಂದನೆಯದು ಸರಿಯಾಯಿತು.

ನಾವು ಬಸ್ಸು ಹತ್ತಿದೆವು. ಲುವಾ ಕೂತೊಡನೆ ನಿದ್ದೆ ಹೋದಳು. ಹಿಂದಿನ ಗಾಜಿನಿಂದ ನಾನು ನೋಡುತ್ತಿದ್ದೆ. ಕತ್ತಲಾಗುತ್ತಿತ್ತು. ಅಜ್ಜಿ ಸೇತುವೆಯ ಮೇಲೆ ನಿಂತು ಕಾಡಿನತ್ತ ಮುಖ ಮಾಡಿ ಏನೋ ಹೇಳಿದಳು. ಸ್ವಲ್ಪ ಹೊತ್ತು ಕಾದಳು...

ಆಮೇಲೆ ರಸ್ತೆಯ ಅಂಚಿಗೆ ಸರಿದು, ಯಾರಿಗೋ ದಾರಿ ಬಿಟ್ಟಳು. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನಾನು ಕಣ್ಣಾರೆ ಕಂಡದ್ದು.